ಹಕ್ಕಿ ಬಂದದ್ದು ನಾಲ್ಕನೇ ಪುಟಕ್ಕೆ

ನಮಸ್ಕಾರ ಮಾಸ್ತರ್,

ನೀವು ಹಾವೇರಿಯಿಂದ ಕಳಿಸಿದ ‘ಬೀಸಣಿಗೆ ಬಾಲದ ನೊಣಹಿಡುಕ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟುದ್ದ ಪತ್ರ. ಚಹಾ ಇಟ್ಟುಕೊಂಡು ಓದಿ. ಸಿಟ್ಟು ಬಂದರೆ ಇನ್ನೊಂದು ಕಪ್ ಕುಡಿದು ಮುಂದಕ್ಕೆ ಓದಿ.

ಏಳು ಪುಟ ಬರೆದಿದ್ದೀರಿ. ಮೊದಲ ಪುಟದ ತುಂಬ ಪ್ರಕೃತಿ ಮಾತೆ. ಎರಡನೆಯದರಲ್ಲಿ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು. ಮೂರನೆಯದರಲ್ಲಿ ರಾಣೆಬೆನ್ನೂರಿನ ಕೃಷ್ಣಮೃಗ, ಕಪ್ಪತಗುಡ್ಡದ ಔಷಧಿ ಗಿಡ. ಎಲ್ಲವೂ ನಮ್ಮ ಸೀಮೆಯ ಹೆಮ್ಮೆಯೇ, ಇಲ್ಲ ಅನ್ನಲ್ಲ. ಆದರೆ ನೊಣಹಿಡುಕ ಎಲ್ಲಿ? ಅದು ಬಂದದ್ದು ನಾಲ್ಕನೇ ಪುಟದ ನಡುವೆ:

“ಬಿಸಿಯೂಟದ ಕೋಣೆಯ ಕಿಟಕಿಯಲ್ಲಿದ್ದ ಜೇಡರ ಬಲೆಯನ್ನು ಅದು ಕಿತ್ತುಕೊಂಡು ಹೋಯಿತು. ಕೊಕ್ಕಿಗೆಲ್ಲ ಬಲೆ ಅಂಟಿಕೊಂಡಿತ್ತು. ಟೊಂಗೆಗೆ ಕೊಕ್ಕು ತಿಕ್ಕಿ ತಿಕ್ಕಿ ಒರೆಸಿಕೊಂಡಿತು.”

ಇದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಇಲ್ಲೊಬ್ಬ ನೋಡುವವನಿದ್ದಾನೆ ಅನ್ನಿಸಿತು. ಮುಂದಿನ ಸಾಲಿಗೇ ನೀವು “ಆಹಾ, ಸೃಷ್ಟಿಯ ವೈಚಿತ್ರ್ಯವೇ!” ಅಂತ ಬರೆದು ಮುಂದೆ ಹೋಗಿಬಿಟ್ಟಿರಿ. ಅಲ್ರಿ ಮಾಸ್ತರ್, ಬಲೆ ಯಾಕೆ ಕಿತ್ತಿತು ಅಂತ ಹೇಳಬಾರದಾ? ಈ ಹಕ್ಕಿಯ ಗೂಡು ಪುಟ್ಟ ಬಟ್ಟಲು. ಸಣ್ಣ ನಾರು, ಹುಲ್ಲನ್ನು ಒತ್ತೊತ್ತಾಗಿ ಸುತ್ತಿ, ಹೊರಗಿನಿಂದ ಜೇಡರ ಬಲೆ ಮೆತ್ತಿ ಬಿಗಿ ಮಾಡುತ್ತದೆ. ಅದಕ್ಕೆ ಅದೇ ಗಾರೆ, ಅದೇ ದಾರ. ಮೊಟ್ಟೆ ಸಾಮಾನ್ಯವಾಗಿ ಮೂರು. ನೀವು ಕಂಡದ್ದು ಮನೆ ಕಟ್ಟಲು ಸಾಮಾನು ಸಾಗಿಸುವ ಹಕ್ಕಿ. ಅದರ ಹಿಂದೆ ಹತ್ತು ಹೆಜ್ಜೆ ಹೋಗಿದ್ದರೆ ಗೂಡೇ ಕಾಣುತ್ತಿತ್ತೋ ಏನೋ.

ಈಗ ತಪ್ಪುಗಳು. ನಾಲ್ಕನೇ ಪುಟದಲ್ಲಿ ನಿಮ್ಮ ಹಕ್ಕಿಗೆ ಅಗಲ ಬಿಳಿ ಹುಬ್ಬು, ಬೆಳ್ಳನೆಯ ಹೊಟ್ಟೆ. ಆರನೇ ಪುಟಕ್ಕೆ ಬಂದರೆ ಅದರ ಎದೆಯ ಮೇಲೆ ಬಿಳಿ ಚುಕ್ಕಿ ಮೂಡಿವೆ! ಬಾಲ ಬಿಚ್ಚುವ ಈ ಹಕ್ಕಿಗಳಲ್ಲಿ ನಮ್ಮ ಕಡೆ ಕಾಣುವುದು ಎರಡು ಜಾತಿ. ಹಣೆಯಿಂದ ಹಿಂದಕ್ಕೆ ಬಳಿದಂತೆ ಅಗಲ ಹುಬ್ಬು, ಕೆಳಗೆಲ್ಲ ಬಿಳುಪು ಇದ್ದರೆ ಅದು ಒಂದು. ಹುಬ್ಬು ಸಣ್ಣ ಗೀರಿನಷ್ಟೇ, ಗಂಟಲು ಬಿಳಿ, ಬೂದುಗಪ್ಪು ಎದೆಯ ಮೇಲೆ ಚುಕ್ಕಿ ಇದ್ದರೆ ಇನ್ನೊಂದು. ಈ ಎರಡನೆಯದನ್ನು ಮೊದಲು ಹಿಮಾಲಯದ ಕಡೆಯ ಬಿಳಿಗಂಟಲಿನ ಜಾತಿಯ ಜೊತೆ ಸೇರಿಸುತ್ತಿದ್ದರು. ಈಗ ಬೇರೆ ಜಾತಿ ಎಂದೇ ಎಣಿಸುತ್ತಾರೆ. ನೀವು ನೋಡಿದ್ದು ಯಾವುದು? ಎರಡನ್ನೂ ನೋಡಿದ್ದರೆ ಹಾಗೇ ಬರೆಯಿರಿ. ಒಂದನ್ನು ನೋಡಿ ಇನ್ನೊಂದನ್ನು ಪುಸ್ತಕದಿಂದ ತಂದಿದ್ದರೆ, ಅದನ್ನು ಪುಸ್ತಕದಲ್ಲೇ ಬಿಡಿ.

ಐದನೇ ಪುಟದಲ್ಲಿ ಇದನ್ನು “ಯುರೋಪಿನಿಂದ ಬರುವ ಚಳಿಗಾಲದ ಅತಿಥಿ” ಅಂದಿದ್ದೀರಿ. ಇದು ಎಲ್ಲಿಗೂ ಹೋಗುವುದಿಲ್ಲ, ವರ್ಷವಿಡೀ ಇಲ್ಲೇ. ಯುರೋಪಿನ ಕಡೆಯಿಂದ ಬರುವುದು ಗುಬ್ಬಿಗಿಂತ ಸಣ್ಣದಾದ ಕೆಂಪುಗತ್ತಿನ ನೊಣಹಿಡುಕ. ಅದೂ ಬಾಲ ಎತ್ತಿ ಎತ್ತಿ ಇಳಿಸುತ್ತದೆ, ಬಾಲದ ಬುಡದ ಬಿಳಿ ಕಾಣುತ್ತದೆ. ಗೊಂದಲ ಆಗುವುದು ಸಹಜ. ಆದರೆ ಅದು ಬಾಲವನ್ನು ಬೀಸಣಿಗೆಯ ಹಾಗೆ ಬಿಚ್ಚುವುದಿಲ್ಲ. ಇನ್ನು “ನೀಲಿ ಮೈ, ಕಿತ್ತಳೆ ಎದೆ” ಎಂಬ ಸಾಲು ಇಲ್ಲಿಗೆ ಹೇಗೆ ಬಂತೋ ಗೊತ್ತಾಗಲಿಲ್ಲ. ಅದು ಟಿಕೆಲ್ಲನ ನೀಲಿ ನೊಣಹಿಡುಕ. ಅದು ಗೂಡು ಮಾಡುವುದು ಮರದ ಪೊಟರೆಯಲ್ಲಿ, ಮಣ್ಣು ದಿಬ್ಬದ ಸಂದಿಯಲ್ಲಿ. ನಿಮ್ಮ ಹಕ್ಕಿಯ ಹಾಗೆ ಟೊಂಗೆಯ ಮೇಲೆ ಬಟ್ಟಲು ಕೂರಿಸುವುದಿಲ್ಲ.

ಹೆಸರಿನ ಬಗ್ಗೆಯೂ ಒಂದು ಮಾತು. ನೊಣ ಹಿಡಿಯುವ ಹಕ್ಕಿಗಳೆಲ್ಲ “ಒಂದೇ ಕುಟುಂಬದ ಅಣ್ಣತಮ್ಮಂದಿರು” ಅಂತ ಬರೆದಿದ್ದೀರಿ. ಇಲ್ಲ. ನಮ್ಮ ಕಡೆ ಬಡಿಗೇರ ಅನ್ನುವ ಅಡ್ಡಹೆಸರು ಎಷ್ಟು ಊರಲ್ಲಿಲ್ಲ? ಅವರೆಲ್ಲ ಒಂದೇ ಮನೆತನದವರೇನು? ಅದು ಕಸುಬಿನಿಂದ ಬಂದ ಹೆಸರು. ಇದೂ ಹಾಗೆಯೇ. ಬೀಸಣಿಗೆ ಬಾಲದ್ದು ಬೇರೆಯೇ ಕುಟುಂಬ. ನೀಲಿ ನೊಣಹಿಡುಕಕ್ಕಿಂತ ಕಾಜಾಣಕ್ಕೇ ಇದು ಹತ್ತಿರದ ಸಂಬಂಧಿ. ಗೂಡಿನ ಹತ್ತಿರ ಬಂದರೆ ತನಗಿಂತ ಎಷ್ಟೋ ದೊಡ್ಡ ಹಕ್ಕಿಯನ್ನೂ ಇದು ಅಟ್ಟಿಸಿಕೊಂಡು ಹೋಗುತ್ತದೆ. ಕಾಜಾಣದ ಜಗಳಗಂಟ ಸ್ವಭಾವ ಗೊತ್ತಿದ್ದವರಿಗೆ ಇದು ಹೊಸದಲ್ಲ, ಅಲ್ವಾ?

ಕೊನೆಯ ಪುಟದಲ್ಲಿ ಹಕ್ಕಿಯನ್ನು ಅಳಿವಿನ ಅಂಚಿಗೆ ತಳ್ಳಿದ್ದೀರಿ. ಕಾರಣ ಮೊಬೈಲ್ ಟವರ್. ಹಕ್ಕಿ ಲೇಖನ ಅಂದರೆ ಕೊನೆಗೆ ಕಣ್ಣೀರು ಹಾಕಿಸಲೇಬೇಕು ಅಂತ ಯಾರು ಹೇಳಿಕೊಟ್ಟರೋ! ಈ ಎರಡೂ ಜಾತಿಗಳು ಅಪಾಯದ ಪಟ್ಟಿಯಲ್ಲಿ ಇಲ್ಲ. ನಿಜವಾದ ಕತೆ ಇರುವುದೇ ಇಲ್ಲಿ. ಕಾಡು, ಕುರುಚಲು, ಮಾವಿನ ತೋಟ, ಮನೆಯ ಹಿತ್ತಲು, ಎಲ್ಲಿಯಾದರೂ ಇದು ಸಂಸಾರ ಹೂಡುತ್ತದೆ. ಒಂದಿಷ್ಟು ನೆರಳು, ನೊಣ ಸೊಳ್ಳೆ, ಕಟ್ಟಲು ಜೇಡರ ಬಲೆ ಸಿಕ್ಕರೆ ಆಯಿತು. ಬಿಸಿಯೂಟದ ಕೋಣೆಯ ಹತ್ತಿರ ಈ ಮೂರಕ್ಕೂ ಬರ ಇಲ್ಲವಲ್ಲ!

ನಿಮ್ಮ ಲೇಖನ ಓದಿದ ಮರುದಿನ ಧಾರವಾಡದ ನಮ್ಮ ಮನೆ ಹಿಂದಿನ ಪೇರಲ ಗಿಡದ ಎದುರು ಕೂತೆ. ನಮ್ಮಲ್ಲಿರುವುದು ಚುಕ್ಕಿ ಎದೆಯದು. ಕೊಕ್ಕಿನಿಂದ ಬಾಲದ ತುದಿವರೆಗೆ ಗೇಣಿಗಿಂತ ತುಸು ಕಡಿಮೆ, ಅದರಲ್ಲಿ ಬಾಲದ್ದೇ ದೊಡ್ಡ ಪಾಲು. ಒಂದು ಟೊಂಗೆಯ ಮೇಲೆ ಐದು ಸೆಕೆಂಡ್ ನಿಲ್ಲಲಿಲ್ಲ. ಎಡಕ್ಕೆ ತಿರುಗಿತು, ಬಾಲ ಬಿಚ್ಚಿತು. ಬಲಕ್ಕೆ ತಿರುಗಿತು, ಮತ್ತೆ ಬಿಚ್ಚಿತು. ರೆಕ್ಕೆ ಜೋಲು ಬಿಟ್ಟುಕೊಂಡು, ಕನ್ನಡಿ ಮುಂದೆ ಹೊಸ ಸೀರೆ ನೋಡಿಕೊಳ್ಳುವವರ ಹಾಗೆ. ನೀವು ಇದನ್ನು “ಆನಂದ ನೃತ್ಯ” ಅಂದಿದ್ದೀರಿ. ನನಗೆ ಕಂಡದ್ದು ಬೇರೆ. ಬಾಲ ಬಿಚ್ಚಿದ ಕೂಡಲೇ ಎಲೆಯ ಅಡಿಯಿಂದ ಏನೋ ಸಣ್ಣದು ಹಾರಿತು. ಹಕ್ಕಿ ಗಾಳಿಯಲ್ಲೇ ಒಂದು ಲಾಗ ಹಾಕಿತು. ಟಪ್ ಅಂತ ಕೊಕ್ಕು ಮುಚ್ಚಿದ ಸದ್ದು ನನಗೇ ಕೇಳಿತು. ಬಾಲ ಬೀಸಿ ಹುಳು ಎಬ್ಬಿಸಿ ಹಿಡಿಯುತ್ತದೆ ಎಂದು ಹಕ್ಕಿ ಬಲ್ಲವರು ಹೇಳುತ್ತಾರೆ. ಅಷ್ಟು ಮಾಡಿ ಮೇಲಿನ ಟೊಂಗೆಗೆ ಹೋಗಿ, ಏನೂ ಆಗಿಲ್ಲವೆಂಬಂತೆ ನಾಲ್ಕಾರು ಸ್ವರದ ಸಿಳ್ಳೆ ಹಾಕಿತು. ನೃತ್ಯ ಅಂತ ಬರೆದರೆ ಈ ಬೇಟೆ ಪೂರ್ತಿ ಮುಚ್ಚಿಹೋಗುತ್ತದೆ.

ನಾನೂ ಮೊದಮೊದಲು ಹೀಗೇ ಬರೆಯುತ್ತಿದ್ದೆ. ನನ್ನ ಮೊದಲ ಲೇಖನದಲ್ಲಿ ಸೂರ್ಯೋದಯಕ್ಕೇ ಎರಡು ಪುಟ ಆಗಿತ್ತು. ಅದು ವಾಪಸ್ ಬಂದಾಗ ಜೊತೆಗೆ ಚೀಟಿ ಕೂಡ ಇರಲಿಲ್ಲ.

ಒಂದು ಕೆಲಸ ಮಾಡಿ. ಮೊದಲ ಮೂರು ಪುಟ, ಕೊನೆಯ ಪುಟ ತೆಗೆದುಹಾಕಿ. ಆ ಕಿಟಕಿಯಿಂದ ಶುರು ಮಾಡಿ. ಒಂದು ವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಅಲ್ಲೇ ಕೂತು, ಕಂಡದ್ದನ್ನು ತಾರೀಖು ಹಾಕಿ ಬರೆದುಕೊಳ್ಳಿ. ಗೂಡು ಸಿಕ್ಕರೆ ದೂರದಿಂದಲೇ ನೋಡಿ, ಹುಡುಗರಿಗೆ ಆಮೇಲೆ ತೋರಿಸಿದರಾಯಿತು. ಎರಡೂವರೆ ಪುಟ ಸಾಕು. ಅಡುಗೆಯವರು ಆ ಬಲೆಯನ್ನು ಇಷ್ಟು ದಿನ ಗುಡಿಸದೆ ಯಾಕೆ ಬಿಟ್ಟಿದ್ದರು ಅಂತಲೂ ಕೇಳಿ ಬರೆಯಿರಿ. ನನಗಂತೂ ಅದು ತಿಳಿಯಬೇಕಾಗಿದೆ.

ಇಂತಿ,
ನಿಮ್ಮ ಸಂಪಾದಕ