ರಮ್ಮಿಗೆ ಶುಂಠಿಯ ಖಾರ

ಪ್ರಶ್ನೆ: ಡಾರ್ಕ್ ಆ್ಯಂಡ್ ಸ್ಟಾರ್ಮಿ ಎಂಬ ರಮ್ ಕಾಕ್‌ಟೇಲ್ ಮಾಡಲು ಹೋಗಿ ಓಲ್ಡ್ ಮಾಂಕ್‌ಗೆ ಅಂಗಡಿಯ ಜಿಂಜರ್ ಏಲ್ (ಶುಂಠಿ ಸ್ವಾದದ ಸಿಹಿ ಸೋಡಾ) ಬೆರೆಸಿದೆ. ಬರೀ ಸಿಹಿ, ಖಾರವೇ ಇಲ್ಲ. ರಮ್ ಬದಲಿಸಬೇಕೇ? ಮನೆಯಲ್ಲಿ ಮದ್ಯ ಮುಟ್ಟದವರೂ ಇದ್ದಾರೆ, ಅವರಿಗೆ ಏನು ಕೊಡಲಿ?
— ಓದುಗರು, ವಾಸ್ಕೋ

ಉತ್ತರ: ರಮ್ ಇರಲಿ, ಜಿಂಜರ್ ಏಲ್ ಬಿಡಿ. ಪಣಜಿಯ ಬಾರ್ ಕೌಂಟರಿನ ಹಿಂದೆ ನಿಂತು ದುಡಿದ ಕಾಲದಿಂದಲೂ ನಾನು ಹೇಳುತ್ತಾ ಬಂದಿರುವುದು ಇದನ್ನೇ: ಈ ಪೇಯದ ಜೀವ ಜಿಂಜರ್ ಬಿಯರ್‌ನಲ್ಲಿದೆ, ಅಂದರೆ ಶುಂಠಿ, ಸಕ್ಕರೆ ಹುದುಗಿಸಿ ಮಾಡುವ ಖಾರದ ಪಾನೀಯದಲ್ಲಿ. ಅದು ಗಂಟಲಿಗಿಳಿಯುವಾಗ ಕಣ್ಣಂಚು ಒದ್ದೆಯಾಗಬೇಕು. ಏಲ್‌ನಿಂದ ಆ ಕೆಲಸ ಆಗುವುದಿಲ್ಲ.

ಇದರ ತವರು ಬರ್ಮುಡಾ ದ್ವೀಪ. ಅಲ್ಲಿ ಗಾಸ್ಲಿಂಗ್ಸ್ ಮನೆತನದ ಬ್ಲ್ಯಾಕ್ ಸೀಲ್ ರಮ್ಮನ್ನೇ ಹಾಕುತ್ತಾರೆ. ಪೇಯದ ಹೆಸರನ್ನೂ ಆ ಕಂಪನಿ ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿದೆ. ನಿಮ್ಮ ಅಡುಗೆಮನೆಗೆ ಆ ಕಟ್ಟುಪಾಡು ಇಲ್ಲ. 1954ರಿಂದ ನಮ್ಮ ನಡುವೆ ಇರುವ ಓಲ್ಡ್ ಮಾಂಕ್ ಧಾರಾಳವಾಗಿ ಸಾಕು. ಅದರಲ್ಲಿ ವೆನಿಲಾದಂತಹ ಸಿಹಿ ಮೊದಲೇ ಇರುವುದರಿಂದ ಜಿಂಜರ್ ಬಿಯರ್‌ಗೆ ಸಕ್ಕರೆ ಹಿಡಿದು ಹಾಕಿ.

ಜಿಂಜರ್ ಬಿಯರನ್ನು ಮನೆಯಲ್ಲೇ ಮಾಡಿಕೊಳ್ಳಿ. ಮೊದಲು ಶುಂಠಿ. ಬೆಳಗಾವಿ ಕಡೆಯ ಲಾರಿಗಳಲ್ಲಿ ಗೋವೆಯ ಮಾರುಕಟ್ಟೆಗೆ ಬರುವ ರಾಶಿಯಲ್ಲಿ ಮಣ್ಣು ಮೆತ್ತಿದ, ನಾರು ಬಿಟ್ಟ, ಬಲಿತ ಗೆಡ್ಡೆಯನ್ನೇ ಆರಿಸಿ. ಎಳೆಯ ಶುಂಠಿ ನೋಡಲು ಚೆಂದ, ಖಾರ ಕಡಿಮೆ. ಮಣ್ಣು ತೊಳೆಯಿರಿ, ಸಿಪ್ಪೆ ಮಾತ್ರ ತೆಗೆಯಬೇಡಿ. ಹುದುಗು ಬರಿಸುವ ಯೀಸ್ಟ್ ಇರುವುದು ಅಲ್ಲೇ. ಕುದಿಸಿ ಆರಿಸಿದ ಎರಡು ಲೋಟ ನೀರಿಗೆ ಎರಡು ದೊಡ್ಡ ಚಮಚ ತುರಿದ ಶುಂಠಿ, ಅಷ್ಟೇ ಸಕ್ಕರೆ ಹಾಕಿ, ಬಾಟಲಿಯ ಬಾಯಿಗೆ ಬಟ್ಟೆ ಕಟ್ಟಿಡಿ. ದಿನಕ್ಕೊಮ್ಮೆ ಒಂದೊಂದು ಚಮಚ ಎರಡನ್ನೂ ಸೇರಿಸಿ ಕಲಕಿ. ನಮ್ಮ ಸೆಕೆಗೆ ಮೂರರಿಂದ ಐದು ದಿನದಲ್ಲಿ ಗುಳ್ಳೆ ಏಳುತ್ತದೆ. ಹಿತವಾದ ಹುಳಿವಾಸನೆ ಬಂದರೆ ಸರಿ. ಮೇಲೆ ಬೂಷ್ಟು ಕಂಡರೆ ಎರಡನೇ ಯೋಚನೆ ಬೇಡ, ಚೆಲ್ಲಿಬಿಡಿ.

ಈ ಹುದುಗುನೀರು ಹದಕ್ಕೆ ಬಂದ ದಿನ ಒಂದು ಲೀಟರ್ ನೀರಿಗೆ 100 ಗ್ರಾಂ ಸಕ್ಕರೆ, 75 ಗ್ರಾಂ ಜಜ್ಜಿದ ಶುಂಠಿ ಹಾಕಿ ಹತ್ತು ನಿಮಿಷ ಕುದಿಸಿ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ, ಆಮೇಲೆ ಖಾರ ಸಾಲದು ಎನ್ನುತ್ತಾರೆ. ಕುದಿಸಿದಾಗ ಶುಂಠಿಗೆ ಖಾರ ಕೊಡುವ ಜಿಂಜರಾಲ್ ಒಂದಿಷ್ಟು ಜಿಂಜರೋನ್ ಆಗಿ ಮೆತ್ತಗಾಗುತ್ತದೆ. ಆದ್ದರಿಂದ ನೀರು ಪೂರ್ತಿ ತಣಿದ ಮೇಲೆ ಇನ್ನೂ 75 ಗ್ರಾಂ ಹಸಿ ಶುಂಠಿಯನ್ನು ರುಬ್ಬಿ, ಹಿಂಡಿ, ಆ ರಸವನ್ನು ಸೇರಿಸಿ. ಕುದಿಸಿದ್ದರಿಂದ ಮೈ, ಹಸಿಯದರಿಂದ ಏಟು. ಒಂದು ಲಿಂಬೆಹಣ್ಣಿನ ರಸ, ಶೋಧಿಸಿದ ಹುದುಗುನೀರು 60 ಮಿಲಿ ಬೆರೆಸಿ, ಸೋಸಿ, ತಂಪುಪಾನೀಯದ ಖಾಲಿ ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ಕುತ್ತಿಗೆಯವರೆಗೆ ತುಂಬಬೇಡಿ, ನಾಲ್ಕು ಬೆರಳು ಜಾಗ ಬಿಡಿ.

ಗಾಜಿನ ಬಾಟಲಿ ಖಂಡಿತ ಬೇಡ. ಒಳಗೆ ಗ್ಯಾಸ್ ಏರಿದರೆ ಅದು ಒಡೆದು ಚೂರುಗಳು ಮನೆಯೆಲ್ಲ ಸಿಡಿಯುತ್ತವೆ. ಪ್ಲಾಸ್ಟಿಕ್ಕಾದರೆ ಒತ್ತಿ ನೋಡಬಹುದು. ಒಂದೆರಡು ದಿನದಲ್ಲಿ ಬೆರಳಿಗೆ ಗಟ್ಟಿ ಎನಿಸಿದ ಕೂಡಲೇ ಫ್ರಿಜ್ಜಿಗೆ ಇಡಿ, ವಾರದೊಳಗೆ ಮುಗಿಸಿ, ಮುಚ್ಚಳವನ್ನು ಮೆಲ್ಲಗೆ ತಿರುವಿ.

ಇನ್ನುಳಿದದ್ದು ಸುಲಭ. ಎತ್ತರದ ಗ್ಲಾಸಿಗೆ ಐಸ್ ತುಂಬಿ 100 ಮಿಲಿ ಜಿಂಜರ್ ಬಿಯರ್ ಸುರಿಯಿರಿ. ಒಂದು ಲಾರ್ಜ್, ಅಂದರೆ 60 ಮಿಲಿ ರಮ್ಮನ್ನು ಚಮಚದ ಬೆನ್ನಿನ ಮೇಲೆ ನಿಧಾನವಾಗಿ ಇಳಿಸಿ. ಸಕ್ಕರೆಯ ದ್ರವಕ್ಕಿಂತ ಮದ್ಯ ಹಗುರ, ಹಾಗಾಗಿ ರಮ್ ಮೇಲೆ ಕಪ್ಪಗೆ ತೇಲುತ್ತದೆ. ಲಿಂಬೆಯ ಹೋಳು ಬೇಡವೆಂದು ಹಠ ಹಿಡಿಯುವವರಿದ್ದಾರೆ. ಓಲ್ಡ್ ಮಾಂಕ್‌ನ ಸಿಹಿಗೆ ಅದು ಬೇಕೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮದ್ಯ ಮುಟ್ಟದವರಿಗೆ ಈ ಜಿಂಜರ್ ಬಿಯರನ್ನು ಕೊಡಬೇಡಿ. ಹುದುಗಿದ್ದರಿಂದ ಅದರಲ್ಲೂ ಸ್ವಲ್ಪ ಆಲ್ಕೊಹಾಲ್ ಇರುತ್ತದೆ. ಹುದುಗುನೀರು ಬೆರೆಸುವ ಮುನ್ನವೇ ಅವರ ಪಾಲನ್ನು ತೆಗೆದಿಟ್ಟು, ಕೊಡುವಾಗ ಸೋಡಾ ಸೇರಿಸಿ. ಕೇಳದೆ ಮೋಸದಿಂದ ಕುಡಿಸುವುದು ತಮಾಷೆಯಲ್ಲ.

ಪ್ರಶ್ನೆ: ರಮ್ ಬದಲು ಕಾಜೂ ಫೆನಿ (ಗೋವೆಯ ಗೇರುಹಣ್ಣಿನ ಮದ್ಯ) ಹಾಕಬಹುದೇ?
— ಓದುಗರು, ಫೋಂಡಾ

ಉತ್ತರ: ಹಾಕಬಹುದು, ಆದರೆ ಅದು ಬೇರೆಯೇ ಪೇಯ. 2009ರಲ್ಲಿ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಪಡೆದ ಈ ಫೆನಿಯ ಘಾಟು ಶುಂಠಿಯನ್ನೂ ಹಿಂದೆ ಹಾಕುತ್ತದೆ. 30 ಮಿಲಿಯಿಂದ ಶುರುಮಾಡಿ, ಸೀಳಿದ ಒಂದು ಹಸಿಮೆಣಸಿನಕಾಯಿ, ಚಿಟಿಕೆ ಉಪ್ಪು ಹಾಕಿ. ರಮ್ಮಿನ ಕಪ್ಪು ಪದರ ಇಲ್ಲಿ ಸಿಗುವುದಿಲ್ಲ, ಆದ್ದರಿಂದ ತೇಲಿಸುವ ಗೋಜು ಬೇಡ. ಒಮ್ಮೆ ಕಲಕಿ ಕುಡಿಯಿರಿ.