ಉತ್ತರ: ಬೆಂಚ್‌ಮಾರ್ಕ್ ಶೀಟ್ ಚೆಂದ ಮಾಡುವ ಮುಂಚೆ

ಸರ್, ಪ್ರೋಗ್ರಾಮಿನ ವೇಗ ಅಳೆದು (ಬೆಂಚ್‌ಮಾರ್ಕ್ ಮಾಡಿ) ನಂಬರ್ ಹಾಕಿರುವ ನಿಮ್ಮ ಶೀಟಿನ ಸ್ಕ್ರೀನ್‌ಶಾಟ್ ನೋಡಿದೆ. ಮಾಡ್ಯೂಲಿಗೊಂದು ಸಾಲು, ರಿಲೀಸಿಗೊಂದು ಕಾಲಮ್, ಪ್ರತಿ ಸೆಲ್‌ನಲ್ಲಿ ಒಂದೇ ಒಂದು ಸರಾಸರಿ, ಕೆಳಗೆ ಹಸಿರಿನಲ್ಲಿ "7% ವೇಗ ಜಾಸ್ತಿ". ಇದನ್ನು ನೀಟಾಗಿ ಜೋಡಿಸುವುದು ಹೇಗೆ ಅಂತ ಕೇಳಿದ್ದೀರಿ. ಜೋಡಿಸಬೇಡಿ, ಬಿಟ್ಟುಬಿಡಿ. ನಮ್ಮ ಹಳೇ ಟೀಮಿನಲ್ಲೂ ಇಂಥದ್ದೇ ಶೀಟ್ ಇತ್ತು. ಗ್ರಾಹಕರು "ನಿಧಾನ ಆಗಿದೆ" ಅಂದ ದಿನ, ಆ ನಂಬರ್ ಯಾವ ಕಮಿಟ್‌ನದು (ಕೋಡಿನಲ್ಲಿ ಉಳಿಸಿದ ಯಾವ ಬದಲಾವಣೆಯದು), ಯಾವ ಮಷೀನಿನದು ಅಂತ ಒಬ್ಬರಿಗೂ ಹೇಳಲು ಆಗಲಿಲ್ಲ.

ಕಚ್ಚಾ ಫಲಿತಾಂಶಕ್ಕೆ ಬೇರೆ ಗಿಟ್ ರೆಪೊ (ಪ್ರತಿ ಬದಲಾವಣೆಯ ಇತಿಹಾಸ ಉಳಿಸುವ ಫೋಲ್ಡರ್) ಮಾಡಿ. ಮಷೀನಿಗೊಂದು ಫೋಲ್ಡರ್, ಅದರೊಳಗೆ ಕಮಿಟ್‌ಗೊಂದು ಫೈಲ್. ನಮ್‌ಪೈ, ಪಾಂಡಾಸ್ ಎಂಬ ಪೈಥಾನ್ ಲೈಬ್ರರಿಗಳವರು ಬಳಸುವ ಬೆಂಚ್‌ಮಾರ್ಕ್ ಟೂಲ್ ಎಎಸ್‌ವಿ ಫಲಿತಾಂಶ ಇಡುವುದೂ ಹೀಗೇ. ಸಿಪಿಯು, ರ್‍ಯಾಮ್, ಓಎಸ್ ವಿವರ ಅದೇ ಫೋಲ್ಡರ್‌ನಲ್ಲಿ ಇನ್ನೊಂದು ಜೇಸನ್ ಫೈಲ್‌ನಲ್ಲಿರುತ್ತದೆ. ನಾನು ಅದರ ಜೊತೆ ಕಂಪೈಲರ್ (ಕೋಡನ್ನು ಮಷೀನ್ ಭಾಷೆಗೆ ತಿರುಗಿಸುವ ಪ್ರೋಗ್ರಾಮ್) ವರ್ಷನ್, ಅದಕ್ಕೆ ಕೊಟ್ಟ ಫ್ಲ್ಯಾಗ್‌ಗಳು (ಆಯ್ಕೆಗಳು), ಓಎಸ್‌ನ ಕರ್ನಲ್, ಗವರ್ನರ್ (ಸಿಪಿಯು ವೇಗ ನಿರ್ಧರಿಸುವ ಸೆಟ್ಟಿಂಗ್), ಟರ್ಬೊ (ಸಿಪಿಯು ತಾನೇ ವೇಗ ಏರಿಸಿಕೊಳ್ಳುವುದು) ಆನ್ ಇತ್ತಾ ಆಫ್ ಇತ್ತಾ, ಇಷ್ಟನ್ನೂ ಬರೆಸುತ್ತೇನೆ. ಕೈಯಲ್ಲಿ ಅಲ್ಲ, ಸ್ಕ್ರಿಪ್ಟ್‌ನಿಂದ. ಕೈಯಲ್ಲಿ ಬರೆಯುವುದು ಎರಡನೇ ವಾರಕ್ಕೆ ನಿಂತುಹೋಗುತ್ತದೆ.

ಫೈಲ್‌ನಲ್ಲಿ ಪ್ರತಿ ರನ್ನಿನ ನಂಬರೂ ಇರಬೇಕು. ಹಿಟ್ಟನ್ನು ಮತ್ತೆ ರಾಗಿ ಮಾಡಲು ಆಗಲ್ಲ. ಸರಾಸರಿ ಮಾತ್ರ ಇಟ್ಟರೆ ನಾಳೆ ಮ್ಯಾನೇಜರ್ ಮೀಡಿಯನ್ (ನಡುವಿನ ಬೆಲೆ) ಕೇಳಿದಾಗ ಎಲ್ಲವನ್ನೂ ಮತ್ತೆ ಓಡಿಸಬೇಕು. ರಿಪೋರ್ಟ್ ಯಾವಾಗಲೂ ಈ ಫೈಲ್‌ಗಳಿಂದ ಹುಟ್ಟಲಿ, ಬೇಡವಾದರೆ ಅಳಿಸಿ ಮತ್ತೆ ಹುಟ್ಟಿಸಿ. ಹಾಗಂತ ಹತ್ತು ರನ್ ಇಟ್ಟುಕೊಂಡು 99ನೇ ಪರ್ಸೆಂಟೈಲ್ (ನೂರರಲ್ಲಿ 99 ಸಲ ಮೀರದ ಟೈಮ್) ತೆಗೆಯಲು ಹೋಗಬೇಡಿ. ಅದಕ್ಕೆ ಪ್ರತಿ ರಿಕ್ವೆಸ್ಟ್‌ನ ಟೈಮ್ ಸೇರಿಸಿದ ಹಿಸ್ಟೊಗ್ರಾಮ್ (ಯಾವ ಟೈಮ್ ಎಷ್ಟು ಸಲ ಬಂತು ಅನ್ನುವ ಎಣಿಕೆ) ಬೇಕು.

ಬೆಂಚ್‌ಮಾರ್ಕ್ ಹೆಸರು ಬದಲಾಯಿಸಬೇಡಿ, ಗ್ರಾಫ್ ಅಲ್ಲೇ ತುಂಡಾಗುತ್ತದೆ. ಹೆಸರು ಅದೇ ಇಟ್ಟು ಒಳಗಿನ ಕೋಡ್ ಬದಲಾಯಿಸುವುದು ಇನ್ನೂ ಕೆಟ್ಟದ್ದು. ಎಎಸ್‌ವಿ ಕೋಡಿನ ಹ್ಯಾಶ್ (ಕೋಡ್ ಬದಲಾದರೆ ಬದಲಾಗುವ ಗುರುತು) ನೋಡಿ ಹಳೇ ಫಲಿತಾಂಶವನ್ನು ಪಕ್ಕಕ್ಕೆ ಇಡುತ್ತದೆ. ಬೇರೆ ಕಡೆ ಈ ಎಚ್ಚರ ನಿಮ್ಮದೇ.

ಆ 7% ಬಗ್ಗೆ. ಗೋ ಭಾಷೆಯ ಕೋಡ್ ಅಂದಿರಿ, ಹಾಗಾದರೆ ಹಳೇ-ಹೊಸ ಫಲಿತಾಂಶ ಹೋಲಿಸುವ ಬೆಂಚ್‌ಸ್ಟ್ಯಾಟ್ ಟೂಲ್ ಯಾಕೆ ಬಳಸಿಲ್ಲ? ಕೌಂಟ್ 10 ಕೊಟ್ಟು (ಪ್ರತಿಯೊಂದನ್ನೂ ಹತ್ತು ಸಲ) ಓಡಿಸಿ. 6ಕ್ಕಿಂತ ಕಡಿಮೆ ಇದ್ದರೆ 95% ಕಾನ್ಫಿಡೆನ್ಸ್ ಇಂಟರ್ವಲ್‌ಗೆ (ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿಗೆ) ಸ್ಯಾಂಪಲ್ ಸಾಲದು ಅಂತ ಅದೇ ಹೇಳುತ್ತದೆ. ಟಿಲ್ಡೆ (~) ಗುರುತು ಬಂದರೆ ಫರಕು ಕಾಣಲಿಲ್ಲ ಅಂತ ಅರ್ಥ. ಅದನ್ನು "ಸ್ವಲ್ಪ ವೇಗ" ಅಂತ ಓದಬೇಡಿ. ಹಳೆಯದನ್ನು ಬೆಳಿಗ್ಗೆ, ಹೊಸದನ್ನು ಮಧ್ಯಾಹ್ನ ಓಡಿಸದೆ ಒಂದಾದ ಮೇಲೊಂದು ಬೆರೆಸಿ ಓಡಿಸಿ. ಎಲ್ಲ ಮಾಡ್ಯೂಲ್ ಸೇರಿಸಿ ಒಂದೇ ನಂಬರ್ ಬೇಕೇ ಬೇಕು ಅಂದರೆ ಹೊಸ-ಹಳೇ ಟೈಮಿನ ಅನುಪಾತಗಳ ಜಿಯೊಮೆಟ್ರಿಕ್ ಮೀನ್ (ಎಲ್ಲ ಗುಣಿಸಿ ಮೂಲ ತೆಗೆದ ಸರಾಸರಿ) ತೆಗೆಯಿರಿ. ಆಗಲೂ ಒಂದು ಮಾಡ್ಯೂಲ್ ಎರಡು ಪಟ್ಟು ನಿಧಾನವಾಗಿದ್ದರೆ ಅದು ಒಳಗೇ ಮುಚ್ಚಿಹೋಗುತ್ತದೆ. ರಿಪೋರ್ಟಿನ ತಲೆಯಲ್ಲಿ ಕೆಟ್ಟಿರುವುದರ ಪಟ್ಟಿ ಇರಲಿ.

ಜಾವಾ ಭಾಗಕ್ಕೆ ಜೆಎಂಎಚ್ (ಜಾವಾದ ಬೆಂಚ್‌ಮಾರ್ಕ್ ಟೂಲ್) ಬಿಟ್ಟು ಬೇರೆ ಏನೂ ಬೇಡ. ಗಡಿಯಾರ ಓದುವ ನ್ಯಾನೋಟೈಮ್ ಹಾಕಿ ಕೈಯಾರೆ ಲೂಪ್ ಬರೆದು "ನಾವೇ ಅಳೆದೆವು" ಅನ್ನುವವರ ಹತ್ತಿರ ನನಗೆ ಮಾತಿಲ್ಲ. ಗ್ರಾಫ್ ತೋರಿಸುವ ಗ್ರಫಾನಾ ನೋಡಲು ಚೆಂದ, ಆದರೆ ಆ ಗೋಡೆ ತುಂಬಾ ಗ್ರಾಫ್‌ಗಳನ್ನು ಯಾರೂ ನೋಡಲ್ಲ. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದಲ್ಲಿ ವೇಗ ಬದಲಾದಾಗ ಬರುವ ಅಲರ್ಟ್ ನೋಡಲೆಂದೇ ಪರ್ಫಾರ್ಮೆನ್ಸ್ ಶೆರಿಫ್‌ಗಳಿದ್ದಾರೆ, ಬಗ್ ಹಾಕಿ ಪ್ಯಾಚ್ ಬರೆದವರನ್ನೇ ಕೇಳುತ್ತಾರೆ. ನಿಮ್ಮಲ್ಲೂ ವಾರಕ್ಕೊಬ್ಬರ ಹೆಸರು ಹಾಕಿ.

ಇನ್ನು ನೀವು ಓಡಿಸಿದ್ದು ಲ್ಯಾಪ್‌ಟಾಪ್‌ನಲ್ಲಿ, ಅದೂ ಬ್ಯಾಟರಿಯಲ್ಲಿ! ದಯವಿಟ್ಟು ಬೇಡ. ಒಂದು ಹಳೇ ಡೆಸ್ಕ್‌ಟಾಪ್ ಪಕ್ಕಕ್ಕಿಟ್ಟು, ಟರ್ಬೊ ಆಫ್ ಮಾಡಿ, ಗವರ್ನರನ್ನು ಪರ್ಫಾರ್ಮೆನ್ಸ್‌ಗೆ ಹಾಕಿ. ಆಮೇಲೂ ಆಟ ಮುಗಿಯಲ್ಲ. ಎನ್‌ವಿರಾನ್‌ಮೆಂಟ್ ವೇರಿಯಬಲ್‌ಗಳ (ಓಎಸ್ ಪ್ರೋಗ್ರಾಮಿಗೆ ಕೊಡುವ ಸೆಟ್ಟಿಂಗ್‌ಗಳ) ಗಾತ್ರ ಬದಲಾದರೆ ಮೆಮೊರಿಯಲ್ಲಿ ಸ್ಟ್ಯಾಕ್‌ನ ಜಾಗ ಸರಿದು ಟೈಮ್ ಬದಲಾಗಬಹುದು ಅಂತ 2009ರಲ್ಲೇ ತೋರಿಸಿದ್ದಾರೆ. ಹಂಚಿಕೊಂಡ ಸಿಐ ಮಷೀನ್ (ಕೋಡಿನ ಪ್ರತಿ ಬದಲಾವಣೆಯನ್ನು ತಾನೇ ಪರೀಕ್ಷಿಸುವುದು) ಬಿಟ್ಟರೆ ಗತಿಯಿಲ್ಲ ಅಂದರೆ ಟೈಮ್ ಬಿಟ್ಟು ಸಿಪಿಯು ನಡೆಸಿದ ಇನ್‌ಸ್ಟ್ರಕ್ಷನ್ ಎಣಿಸಿ. ರಸ್ಟ್ ಕಂಪೈಲರ್‌ನವರೂ ಮುಖ್ಯವಾಗಿ ಅದನ್ನೇ ನೋಡುತ್ತಾರೆ. ಕ್ಯಾಶ್ ಮಿಸ್ (ಬೇಕಾದ ಡೇಟಾ ಹತ್ತಿರದ ವೇಗದ ಮೆಮೊರಿಯಲ್ಲಿ ಸಿಗದಿರುವುದು), ಒಂದು ಥ್ರೆಡ್ ಇನ್ನೊಂದು ಹಿಡಿದ ಲಾಕ್‌ಗೆ ಕಾಯುವುದು ಅದರಲ್ಲಿ ಕಾಣಲ್ಲ, ನೆನಪಿರಲಿ.

ಎಷ್ಟು ಶೇಕಡಾಕ್ಕೆ ಅಲರ್ಟ್ ಇಡಬೇಕು ಅಂತಲೂ ಕೇಳಿದ್ದೀರಲ್ವಾ. ಒಂದೇ ಬೈನರಿಗೆ (ಕಂಪೈಲ್ ಆದ ಪ್ರೋಗ್ರಾಮಿಗೆ) ಹಳೆಯದು, ಹೊಸದು ಅಂತ ಎರಡು ಹೆಸರಿಟ್ಟು ಒಂದು ರಾತ್ರಿ ಓಡಿಸಿ. ಕೋಡ್ ಒಂದೇ ಆದ್ದರಿಂದ ಬಂದ ವ್ಯತ್ಯಾಸವೆಲ್ಲ ಬರೀ ಅಳತೆಯ ಏರಿಳಿತ, ಅದನ್ನು ಇಲ್ಲಿ ಹಾಕಿ. ಅಲರ್ಟ್ ಅದಕ್ಕಿಂತ ಮೇಲೆ ಎಲ್ಲಿ ಇಡಬಹುದು ಅಂತ ಆಮೇಲೆ ನೋಡೋಣ.