ನಾಲ್ಕು ಸೀಟಿದ್ದ ಮಾತ್ರಕ್ಕೆ ನಾಲ್ವರು ಹತ್ತಬಹುದೆ?

ಪ್ರಶ್ನೆ: ಸೆಸ್ನಾ 172ಎಸ್ ವಿಮಾನದಲ್ಲಿ ತರಬೇತಿ ಪಡೆಯುತ್ತಿದ್ದೇನೆ. ಟ್ಯಾಂಕ್ ತುಂಬಿಸಿ ನಾಲ್ವರು ಹಾರಬಹುದೆ? ಹಾಸನದಷ್ಟು ಎತ್ತರದ ಊರಿನಲ್ಲಿ ಏನು ವ್ಯತ್ಯಾಸ? ಒಂದು ಫ್ಯುಯೆಲ್ ಗೇಜ್ (ಇಂಧನದ ಮಟ್ಟ ತೋರುವ ಮಾಪಕ) ಕೆಟ್ಟಿದ್ದರೆ ಟ್ಯಾಂಕಿಗೆ ಕಡ್ಡಿ ಇಳಿಸಿ ಅಳೆದು ಹೊರಡಬಹುದೆ?
– ಓದುಗರು, ಹಾಸನ

ಉತ್ತರ: ಟ್ಯಾಂಕ್ ತುಂಬಿದರೆ ನಾಲ್ವರಿಲ್ಲ, ನಾಲ್ವರಾದರೆ ಟ್ಯಾಂಕ್ ತುಂಬುವಂತಿಲ್ಲ. ಈ ಮಾದರಿಯ ಗರಿಷ್ಠ ಟೇಕಾಫ್ ತೂಕ 1157 ಕೆ.ಜಿ. ಖಾಲಿ ತೂಕ 770 ಎಂದಿಟ್ಟುಕೊಳ್ಳಿ. (ನಿಜವಾದ ಅಂಕಿ ನೀವು ಹಾರಿಸುವ ವಿಮಾನದ ತೂಕದ ಪತ್ರದಲ್ಲೇ ಇರುತ್ತದೆ, ಪಕ್ಕದ ವಿಮಾನದ್ದನ್ನು ಬಳಸಬೇಡಿ.) ಉಳಿಯುವುದು 387. ತಲಾ 75ರಂತೆ ನಾಲ್ವರಿಗೆ 300 ಕಳೆದರೆ ಇಂಧನಕ್ಕೆ 87 ಕೆ.ಜಿ. ಏವಿಗ್ಯಾಸ್, ಅಂದರೆ ವಿಮಾನದ ಪೆಟ್ರೋಲ್, ಲೀಟರಿಗೆ ಸುಮಾರು 0.72 ಕೆ.ಜಿ. ತೂಗುವುದರಿಂದ ಅದು 120 ಲೀಟರ್ ಆಯಿತು. ಎರಡೂ ಟ್ಯಾಂಕ್ ತುಂಬಿದರೆ ಬಳಕೆಗೆ ಸಿಗುವುದು 200 ಲೀಟರ್. ಲಗೇಜನ್ನು ನಾವಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಒಟ್ಟು ತೂಕ ಸರಿಹೋದರೂ ಹಿಂದಿನ ಸೀಟಿನ ಇಬ್ಬರಿಂದ ಗುರುತ್ವ ಕೇಂದ್ರ (ವಿಮಾನದ ತೂಕ ಸಮತೂಗುವ ಬಿಂದು) ಹಿಂದೆ ಸರಿಯುತ್ತದೆ. ಅದನ್ನೂ ವಿಮಾನದ ಕೈಪಿಡಿಯ ಗ್ರಾಫ್‌ನಲ್ಲಿ ಗುರುತಿಸಿ ನೋಡಲೇಬೇಕು.

ತೂಕದ ಮಿತಿಯೊಳಗಿದ್ದೀರಿ ಎಂದಾಕ್ಷಣ ವಿಮಾನ ಏರುತ್ತದೆ ಎಂದಲ್ಲ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ 3000 ಅಡಿಗೂ ಮೇಲಿವೆ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಬಿಸಿಲಿದ್ದರೆ ಹಾಸನದ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿ ಎಷ್ಟು ತೆಳು ಎಂಬುದನ್ನು ಎತ್ತರದ ಲೆಕ್ಕದಲ್ಲಿ ಹೇಳುವ ಅಂಕಿ) ಸುಮಾರು 6000 ಅಡಿ. ನೆಲದ ಮೇಲೆ ನಿಂತೇ ಮುಳ್ಳಯ್ಯನಗಿರಿಯ ನೆತ್ತಿಯಷ್ಟು ತೆಳುವಾದ ಗಾಳಿಯಲ್ಲಿ ಇದ್ದೀರಿ ಎಂದಾಯಿತು. ರೆಕ್ಕೆ, ಪ್ರೊಪೆಲ್ಲರ್, ಎಂಜಿನ್ ಮೂರರ ಬಲವೂ ಒಟ್ಟಿಗೆ ಕುಗ್ಗುತ್ತದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿಯಲ್ಲಿ, ಪೂರ್ಣ ತೂಕದಲ್ಲಿ 960 ಅಡಿ ಓಡಿ ನೆಲ ಬಿಡುವ ವಿಮಾನ ಅದು. ಆ ಅಂಕಿಯನ್ನು ಇಲ್ಲಿ ನಂಬಬಾರದು. ಕೈಪಿಡಿಯ ಕೋಷ್ಟಕದಲ್ಲಿ ಆ ದಿನದ ತಾಪಮಾನ ಹಿಡಿದು ನೋಡಿ.

3000 ಅಡಿಗಿಂತ ಎತ್ತರದ ನಿಲ್ದಾಣದಲ್ಲಿ ಟೇಕಾಫ್‌ಗೆ ಮುನ್ನ, ಬ್ರೇಕ್ ಹಿಡಿದು ಥ್ರಾಟಲ್ ಪೂರ್ತಿ ಒತ್ತಿ, ಆರ್‌ಪಿಎಂ ಅತಿ ಹೆಚ್ಚು ತೋರುವವರೆಗೆ ಮಿಕ್ಸ್ಚರ್ ಲೀನ್ ಮಾಡಬೇಕು, ಅಂದರೆ ಗಾಳಿಯೊಂದಿಗೆ ಬೆರೆಯುವ ಪೆಟ್ರೋಲ್ ಕಡಿಮೆ ಮಾಡಬೇಕು. ತರಬೇತಿಯಲ್ಲಿ 'ಮಿಕ್ಸ್ಚರ್ ಫುಲ್ ರಿಚ್' (ಪೆಟ್ರೋಲ್ ಪೂರ್ತಿ) ಎಂದು ಬಾಯಿಪಾಠ ಮಾಡಿದವರು ಮರೆಯುವುದು ಇದನ್ನೇ. ಲೀನ್ ಮಾಡದಿದ್ದರೆ ಪೆಟ್ರೋಲ್ ಹೆಚ್ಚಾಗಿ ಎಂಜಿನ್ ಒರಟಾಗಿ ಓಡುತ್ತದೆ, ಶಕ್ತಿ ಬೇಕಾದ ಹೊತ್ತಿಗೇ ಸಿಗುವುದಿಲ್ಲ.

ಗೇಜ್ ಕೆಟ್ಟಿದ್ದರೆ ಹೊರಡಬೇಡಿ. ಎರಡೂ ಟ್ಯಾಂಕಿನ ಗೇಜ್ ಕಡ್ಡಾಯ ಉಪಕರಣಗಳ ಪಟ್ಟಿಯಲ್ಲಿವೆ. ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿದ ಎಂಇಎಲ್‌ನಲ್ಲಿ (ಯಾವ ಉಪಕರಣ ಕೆಟ್ಟಿದ್ದರೂ ಹಾರಬಹುದು ಎಂದು ಹೇಳುವ ಪಟ್ಟಿ) ರಿಯಾಯಿತಿ ಬರೆದಿದ್ದರೆ ಮಾತ್ರ ಮಾತು ಬೇರೆ. ಕಡ್ಡಿಯ ಅಳತೆ ಪ್ರತಿ ಹಾರಾಟಕ್ಕೂ ಬೇಕು, ಆದರೆ ಅದು ಹೇಳುವುದು ಹೊರಡುವ ಮುಂಚಿನ ಮಟ್ಟ. ಮುಚ್ಚಳ ಸರಿಯಾಗಿ ಕೂರದಿದ್ದರೆ ರೆಕ್ಕೆಯ ಮೇಲಿನ ಕಡಿಮೆ ಒತ್ತಡ ಇಂಧನವನ್ನು ಹೊರಗೆಳೆಯುತ್ತದೆ. ಆಗ ನಿಮಗೆ ಸುಳಿವು ಕೊಡುವುದು ಗೇಜಿನ ಮುಳ್ಳು. ದೋಷವನ್ನು ಬಾಯಲ್ಲಿ ಹೇಳಿ ಬಿಡದೆ ವಿಮಾನದ ದೋಷ, ದುರಸ್ತಿ ದಾಖಲಿಸುವ ಟೆಕ್ನಿಕಲ್ ಲಾಗ್‌ನಲ್ಲಿ ಬರೆಯಿರಿ. ಎಂಜಿನಿಯರ್ ಸರಿಪಡಿಸಿ ಸಹಿ ಹಾಕಿದ ಮೇಲೆಯೇ ಹತ್ತಿ.